ನೂರು ಜನ, ಅದರ ಮೇಲೆ ಒಬ್ಬರೂ ಇಲ್ಲ

ಅಮೆರಿಕಕ್ಕೆ ಸೇರಿದ ಹವಾಯಿ ದ್ವೀಪಗಳಲ್ಲಿ ಮೊಲೊಕಾಯಿ ಎಂಬುದೊಂದು. ಅದರ ಉತ್ತರದ ಅಂಚಿಗೆ ಹೋಗಿ ನಿಂತರೆ ನೆಲ ಅಲ್ಲಿಗೇ ಮುಗಿದುಹೋಗುತ್ತದೆ. ಕಾಲಬುಡದಿಂದ ಸುಮಾರು 500 ಮೀಟರ್ ನೆಟ್ಟಗೆ ಇಳಿಯುವ ಬಂಡೆಗೋಡೆ, ಅದರ ತಳದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ಚಪ್ಪಟೆ ಭೂಶಿರ. ಮರದ ಹಲಗೆಯ ಸಣ್ಣ ಸಣ್ಣ ಮನೆಗಳು, ಚರ್ಚುಗಳು, ಒಂದು ದೀಪಸ್ತಂಭ, ಪುಟ್ಟ ವಿಮಾನ ಇಳಿಯುವಷ್ಟು ರನ್‌ವೇ, ದಂಡೆಯ ಉದ್ದಕ್ಕೂ ಸಮಾಧಿಗಳು. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಈ ಗೋಡೆ. ವಾಹನ, ಫ್ರಿಜ್, ಇಂಧನದಂಥ ಭಾರದ ಸಾಮಾನೆಲ್ಲ ವರ್ಷಕ್ಕೊಮ್ಮೆ, ಕಡಲು ಶಾಂತವಾಗಿರುವ ಬೇಸಿಗೆಯಲ್ಲಿ, ಬಾರ್ಜ್ ಮೇಲೆ ಬಂದು ಇಳಿಯಬೇಕು.

ಊರಿನ ಹೆಸರು ಕಲೌಪಪ. 1980ರಿಂದ ಇದು ಅಮೆರಿಕದ ಒಂದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಉದ್ಯಾನ ಎಂದ ಕೂಡಲೇ ಹೂಗಿಡ, ಕಾರಂಜಿಗಳನ್ನು ನೆನೆಯಬೇಕಿಲ್ಲ. ಇಲ್ಲಿ ಏನೋ ನಡೆದಿದೆ, ಅದು ಅಳಿಸಿಹೋಗಬಾರದು ಎಂದು ಸರ್ಕಾರ ಕಾಪಾಡಿಕೊಂಡು ಬರುವ ಜಾಗವನ್ನು ಅಲ್ಲಿ ಹಾಗೆ ಕರೆಯುತ್ತಾರೆ.

ಸಾಮಾನ್ಯವಾಗಿ ಇಂಥ ಜಾಗಗಳು ಜನರನ್ನು ಕೈಬೀಸಿ ಕರೆಯುತ್ತವೆ. ಅದೇ ದೇಶದ ಯೆಲ್ಲೊಸ್ಟೋನ್‌ಗೆ ವರ್ಷಕ್ಕೆ ನಲವತ್ತು ಲಕ್ಷದಷ್ಟು ಜನ ಹೋಗಿಬರುತ್ತಾರೆ. ಕಲೌಪಪದ ಕಥೆ ತಿರುಗಾಮುರುಗಾ. ಮೊದಲೇ ಅನುಮತಿ ಪಡೆಯದೆ ಊರಿಗೆ ಕಾಲಿಡುವಂತಿಲ್ಲ. 16 ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಊರಿನವರ ಫೋಟೊವನ್ನು ಅವರನ್ನು ಕೇಳದೆ ತೆಗೆಯುವಂತಿಲ್ಲ. ದಿನಕ್ಕೆ ನೂರು ಜನಕ್ಕಿಂತ ಹೆಚ್ಚು ಬಿಡುವುದಿಲ್ಲ.

ಈ ನೂರರ ಲೆಕ್ಕವನ್ನು ಯಾವುದೋ ಕಚೇರಿಯ ಅಧಿಕಾರಿ ಹಾಕಿದ್ದಲ್ಲ. ಅದು ಸಂಸತ್ತು ಮಾಡಿದ ಕಾನೂನಿನಲ್ಲೇ ಇದೆ. ಅದನ್ನು ಬದಲಿಸುವ ಹಕ್ಕನ್ನೂ ಆ ಕಾನೂನು ಕೇಂದ್ರದ ಸಚಿವರ ಕೈಗೆ ಕೊಡದೆ ಆ ಊರಿನ ಕೆಲವೇ ನಿವಾಸಿಗಳ ಕೈಗೆ ಕೊಟ್ಟಿದೆ. ಅವರ ಮಾತು ಸರ್ಕಾರಕ್ಕೆ ಮುಟ್ಟಲೆಂದು ಅದೇ ಕಾನೂನು ಮಾಡಿದ್ದು ಹನ್ನೊಂದು ಜನರ ಒಂದು ಸಲಹಾ ಆಯೋಗ.

ಸಲಹಾ ಸಮಿತಿ ಎಂದರೆ ಚಹಾ, ಬಿಸ್ಕತ್ತು, ವರದಿ, ಕಪಾಟು ಎಂದೇ ತಿಳಿದಿರುವ ನಮಗೆ ಇದು ನಂಬಲು ಸ್ವಲ್ಪ ಕಷ್ಟದ ಸಂಗತಿ. ಆದ್ದರಿಂದ ಇದು ಹೇಗಾಯಿತು ಎಂದು ಬುಡದಿಂದ ನೋಡುವುದು ಒಳ್ಳೆಯದು.

ತಂದು ಬಿಟ್ಟವರ ಊರು

1865ರಲ್ಲಿ ಹವಾಯಿ ಇನ್ನೂ ಸ್ವತಂತ್ರ ರಾಜ್ಯ. ಐದನೆಯ ಕಮೆಹಮೆಹ ಅಲ್ಲಿನ ರಾಜ. ಹೊರಗಿನಿಂದ ಬಂದ ಕಾಯಿಲೆಗಳು ದ್ವೀಪದ ಜನರನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದ ಕಾಲ. ಕುಷ್ಠರೋಗ ಹರಡದಂತೆ ತಡೆಯಲು ರೋಗಿಗಳನ್ನು ಹಿಡಿದು ದೂರ ಇಡುವ ಕಾನೂನು ಆ ವರ್ಷ ಬಂತು. 1866ರ ಜನವರಿ 6ರಂದು ಮೊದಲ 12 ರೋಗಿಗಳನ್ನು ಹಡಗಿನಲ್ಲಿ ತಂದು ಇದೇ ಭೂಶಿರದ ಪೂರ್ವದಂಡೆಯ ಕಲವಾವೊದಲ್ಲಿ ಇಳಿಸಿದರು. ಆಮೇಲೆ ನೂರು ವರ್ಷ ಇದು ನಿಲ್ಲಲಿಲ್ಲ. ಒಟ್ಟು ಸುಮಾರು ಎಂಟು ಸಾವಿರ ಜನ ಹೀಗೆ ಬಂದರು. ಬಹುಪಾಲು ಹವಾಯಿಯ ಮೂಲ ಜನಾಂಗದವರು, ಮಕ್ಕಳೂ ಕಡಿಮೆಯಿರಲಿಲ್ಲ.

ಅವರು ಬಂದಾಗ ಭೂಶಿರ ಖಾಲಿಯಿರಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ತಲೆತಲಾಂತರದಿಂದ ಗೆಣಸು ಬೆಳೆದುಕೊಂಡು, ಮೀನು ಹಿಡಿದುಕೊಂಡು ಬಾಳಿದ ಕುಟುಂಬಗಳಿದ್ದವು. ಅವರನ್ನು ಕಂತುಕಂತಾಗಿ ಎಬ್ಬಿಸಿ, 1895ರ ಹೊತ್ತಿಗೆ ಕಡೆಯವರನ್ನೂ ಕಳಿಸಿಬಿಟ್ಟರು. ರೋಗಿಗಳನ್ನು ಮನೆಯಿಂದ ಎಳೆದು ತಂದರು, ಮನೆಯಿದ್ದವರನ್ನು ಅಲ್ಲಿಂದ ಹೊರಗೆ ಹಾಕಿದರು. ಒಂದೇ ನೆಲಕ್ಕೆ ಎರಡು ಗಾಯ. ಈ ಎರಡನೆಯದು ಮುಂದೆ ಆಯೋಗದ ಕೆಲಸಕ್ಕೂ ತೊಡರಿತು.

1873ರಲ್ಲಿ ಬೆಲ್ಜಿಯಂನ ಪಾದ್ರಿ ಡೇಮಿಯನ್ ಇಲ್ಲಿಗೆ ಬಂದರು. ನಾರ್ವೆಯ ವೈದ್ಯ ಹ್ಯಾನ್ಸನ್ ಕುಷ್ಠರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದದ್ದೂ ಅದೇ ವರ್ಷ. ಡೇಮಿಯನ್ ಚರ್ಚು ಕಟ್ಟಿದರು, ಗಾಯ ತೊಳೆದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ಕೊನೆಗೆ ಅದೇ ರೋಗ ತಗುಲಿ 1889ರಲ್ಲಿ ತೀರಿಕೊಂಡರು. ಅವರ ಕೊನೆಗಾಲದಲ್ಲಿ ಬಂದು ಕೆಲಸ ಮುಂದುವರಿಸಿದ ಸನ್ಯಾಸಿನಿ ಮರಿಯಾನ್ ಕೋಪ್ 1918ರವರೆಗೆ ಇಲ್ಲೇ ಇದ್ದರು. ಕ್ಯಾಥೊಲಿಕ್ ಚರ್ಚು ಡೇಮಿಯನ್ನರನ್ನು 2009ರಲ್ಲಿ, ಮರಿಯಾನ್ ಅವರನ್ನು 2012ರಲ್ಲಿ ಸಂತರೆಂದು ಘೋಷಿಸಿತು. ಡೇಮಿಯನ್ ತೀರಿಕೊಂಡ ಆಸುಪಾಸಿನಲ್ಲೇ ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ಕೊಡಲು ತೊಡಗಿದ್ದರು ಎಂಬುದು ಕರಾವಳಿಯ ಹಿರಿಯರಿಗೆ ಗೊತ್ತಿರುವ ಸಂಗತಿ.

ಇಬ್ಬರು ಸಂತರ ಹೆಸರಿಗೆ ಪ್ರವಾಸಿಗರು ಬರುತ್ತಾರೆ. ಆದರೆ ಊರು ಕಟ್ಟಿದವರು ಬೇರೆ. ಇಲ್ಲಿ ರೋಗಿಗಳು ಮದುವೆಯಾದರು, ವಾದ್ಯಮೇಳ ಕಟ್ಟಿದರು, ಬೇಸ್‌ಬಾಲ್ ಆಡಿದರು, ಕೋಳಿ ಸಾಕಿದರು, ಜಗಳವಾಡಿದರು. ಹುಟ್ಟಿದ ಮಗುವನ್ನು ಮಾತ್ರ ಇಟ್ಟುಕೊಳ್ಳುವಂತಿರಲಿಲ್ಲ. ಹೆತ್ತವರಿಂದ ಕೂಡಲೇ ಬೇರೆ ಮಾಡಿ ಶಿಶುಗೃಹಕ್ಕೆ, ಅಲ್ಲಿಂದ ಬಂಧುಗಳ ಮನೆಗೋ ಅನಾಥಾಲಯಕ್ಕೋ ಕಳಿಸುತ್ತಿದ್ದರು. ಮಕ್ಕಳಿಗೆ ಪ್ರವೇಶವಿಲ್ಲ ಎಂಬ ಇಂದಿನ ಫಲಕವನ್ನು ಓದುವಾಗ ಈ ಹಿನ್ನೆಲೆ ಗೊತ್ತಿರಬೇಕು.

1946ರಲ್ಲಿ ಸಲ್ಫೋನ್ ಔಷಧ ಕಲೌಪಪಕ್ಕೆ ಬಂತು. ರೋಗ ಹತೋಟಿಗೆ ಬಂತು, ಸೋಂಕು ನಿಂತಿತು. ಆದರೂ ಪ್ರತ್ಯೇಕವಾಗಿ ಇಡುವ ಕಾನೂನು ಹೋಗಲು 1969 ಆಗಬೇಕಾಯಿತು. ಕಾನೂನಿನ ಕಾಲು ಔಷಧಕ್ಕಿಂತ ನಿಧಾನ. ನಗುವ ಹಾಗಿಲ್ಲ: ನಮ್ಮ ದೇಶದಲ್ಲಿ 1898ರ ಕುಷ್ಠರೋಗಿಗಳ ಕಾಯ್ದೆ ಪುಸ್ತಕದಿಂದ ಹೋದದ್ದು 2016ರಲ್ಲಿ.

ಬಾಗಿಲು ತೆರೆದಾಗ

1969ರಲ್ಲಿ ಹೋಗಬಹುದು ಎಂದಾಗ ಎಲ್ಲರೂ ಹೋಗಲಿಲ್ಲ. ಹತ್ತು ವರ್ಷದ ಮಗುವಾಗಿ ಬಂದು ಐವತ್ತು ದಾಟಿದವರಿಗೆ ಹೊರಗೆ ಯಾರಿದ್ದಾರೆ? ಮುಖದ ಮೇಲೆ, ಕೈಬೆರಳಿನ ಮೇಲೆ ರೋಗದ ಗುರುತು ಹೊತ್ತವರು ಪೇಟೆಯಲ್ಲಿ ನಡೆದರೆ ಜನ ಹೇಗೆ ನೋಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಸೆರೆಮನೆಯಾಗಿದ್ದ ಜಾಗವೇ ಊರಾಗಿತ್ತು.

ಆಗ ಹುಟ್ಟಿದ್ದು ಹೊಸ ಭಯ. ರೋಗಿಗಳ ಸಂಖ್ಯೆ ಇಳಿಯುತ್ತಿದೆ, ಖರ್ಚು ಏರುತ್ತಿದೆ. ಸರ್ಕಾರ ಊರನ್ನೇ ಮುಚ್ಚಿ ತಮ್ಮನ್ನು ಯಾವುದೋ ಆಸ್ಪತ್ರೆಯ ವಾರ್ಡಿಗೆ ಸಾಗಿಸಿದರೆ? ಅಂಥ ಕಡಲತೀರದ ಮೇಲೆ ಹೋಟೆಲು ಕಟ್ಟುವವರ ಕಣ್ಣು ಬಿದ್ದರೆ?

ಇದು ಕಲ್ಪನೆಯ ಭಯವೂ ಆಗಿರಲಿಲ್ಲ. ಹೊನೊಲುಲು ಸಮೀಪದ ಪರ್ಲ್ ಸಿಟಿಯಲ್ಲಿ ಹಾಲೆ ಮೊಹಾಲು ಎಂಬ ಇಂಥದೇ ರೋಗಿಗಳ ವಸತಿ ಇತ್ತು. 1978ರಲ್ಲಿ ರಾಜ್ಯ ಸರ್ಕಾರ ಅದನ್ನು ಮುಚ್ಚಿತು. ಕೆಲವರು ಜಾಗ ಬಿಟ್ಟು ಕದಲಲಿಲ್ಲ. ಅವರ ಮುಂಚೂಣಿಯಲ್ಲಿದ್ದವರು ಬರ್ನಾರ್ಡ್ ಪುನಿಕಾಯಿಯ, ಬಾಲ್ಯದಲ್ಲೇ ರೋಗದ ಹೆಸರಿನಲ್ಲಿ ಮನೆ ಬಿಡಿಸಿಕೊಂಡು ಕಲೌಪಪದಲ್ಲಿ ಬೆಳೆದವರು. 1983ರಲ್ಲಿ ಪೊಲೀಸರು ಬಂದು ಅಲ್ಲಿದ್ದವರನ್ನು ಹೊತ್ತು ಹೊರಗೆ ಹಾಕಿದರು. ಕಟ್ಟಡಗಳನ್ನು ಬುಲ್ಡೋಜರ್ ಕೆಡವಿತು.

ಕಲೌಪಪದ ಕಾನೂನು ರೂಪುಗೊಂಡದ್ದು ಈ ಜಗ್ಗಾಟ ನಡೆಯುತ್ತಿದ್ದ ವರ್ಷಗಳಲ್ಲೇ. ಸರ್ಕಾರದ ಬಾಯಿಮಾತಿನ ಭರವಸೆಗೆ ಬೆಲೆಯೆಷ್ಟು ಎಂದು ನೋಡಿ ತಿಳಿದವರು ಆ ಕಾನೂನಿನ ಒಂದೊಂದು ಸಾಲಿನ ಹಿಂದೆಯೂ ಇದ್ದಾರೆ.

ಆಯೋಗ ಮೊದಲು, ಉದ್ಯಾನ ಆಮೇಲೆ

ಹವಾಯಿಯಿಂದ ಅಮೆರಿಕದ ಸಂಸತ್ತಿಗೆ ಆರಿಸಿಬಂದಿದ್ದ ಪ್ಯಾಟ್ಸಿ ಮಿಂಕ್ 1976ರಲ್ಲಿ ಒಂದು ಮಸೂದೆ ಮಂಡಿಸಿ ಗೆಲ್ಲಿಸಿದರು. ಅದು ಉದ್ಯಾನವನ್ನು ಮಾಡಲಿಲ್ಲ. ಉದ್ಯಾನ ಬೇಕೇ, ಬೇಕಿದ್ದರೆ ಹೇಗಿರಬೇಕು ಎಂದು ಕೇಳಿ ಹೇಳುವ ಆಯೋಗವೊಂದನ್ನು ನೇಮಿಸಿತು. ಆ ಆಯೋಗ ಕೊಟ್ಟ ವರದಿಯ ಬೆನ್ನಿಗೆ 1980ರ ಡಿಸೆಂಬರ್ 22ರಂದು ಉದ್ಯಾನದ ಕಾನೂನು ಜಾರಿಗೆ ಬಂತು. ಜಿಮ್ಮಿ ಕಾರ್ಟರ್ ಅಧ್ಯಕ್ಷಗಿರಿಯ ಕೊನೆಯ ವಾರಗಳವು.

ಈ ಕ್ರಮವೇ ಮುಖ್ಯ ಎಂದು ನನಗನ್ನಿಸುತ್ತದೆ. ನಕ್ಷೆ ಬರೆದು, ಬೇಲಿ ಹಾಕಿ, ಫಲಕ ನೆಟ್ಟ ಮೇಲೆ ಸ್ಥಳೀಯರನ್ನು ಕರೆದು ಅಭಿಪ್ರಾಯ ಕೇಳುವುದು ಎಲ್ಲ ಕಡೆಯ ರೂಢಿ. ಇಲ್ಲಿ ಕೇಳಿದ್ದು ಮೊದಲು.

ಹಾಗೆ ಕೇಳಿದ್ದರ ಗುರುತು ಕಾನೂನಿನಲ್ಲಿ ಢಾಳಾಗಿ ಕಾಣುತ್ತದೆ. ಉದ್ಯಾನದ ಮೊದಲ ಉದ್ದೇಶಗಳಲ್ಲಿ ಒಂದು, ರೋಗಿಗಳು ಬಯಸುವಷ್ಟು ಕಾಲ ಅಲ್ಲೇ ಇರಬಹುದು ಎಂಬ ಖಾತರಿ. ಅವರ ಈಗಿನ ಬದುಕಿನ ರೀತಿಯನ್ನೂ ಖಾಸಗಿತನವನ್ನೂ ಕಾಪಾಡಬೇಕು. ಪ್ರವಾಸಿಗರಿಗೆ ಊಟ, ವಾಹನ, ಮಾರ್ಗದರ್ಶನದಂಥ ಹಣ ತರುವ ಕೆಲಸ ಯಾವುದೇ ಇರಲಿ, ಮೊದಲು ಅವರನ್ನು ಕೇಳಬೇಕು. ಅವರು ಬೇಡವೆಂದರೆ ಮಾತ್ರ ಬೇರೆಯವರಿಗೆ. ಉದ್ಯಾನದ ನೌಕರಿಗಳಲ್ಲಿ ಅರ್ಹ ರೋಗಿಗಳಿಗೂ ಮೂಲ ಹವಾಯಿಯನ್ನರಿಗೂ ಮೊದಲ ಆದ್ಯತೆ. ಬೇರೆ ರಾಷ್ಟ್ರೀಯ ಉದ್ಯಾನಗಳಲ್ಲಿ ಸೊಪ್ಪು ಕಿತ್ತರೂ ದಂಡ ಬೀಳಬಹುದು. ಇಲ್ಲಿನ ರೋಗಿಗಳು ಮೀನು ಹಿಡಿಯಲು, ಬೇಟೆಯಾಡಲು ಕೇಂದ್ರದ ಬೇಟೆ ನಿಯಮಗಳ ಅಡ್ಡಿಯಿಲ್ಲ. ಮೊದಲಿನಿಂದ ನಡೆದುಬಂದದ್ದು ಹಾಗೆಯೇ ನಡೆಯಲಿ ಎಂದರು.

ದೂರದ ವಾಷಿಂಗ್ಟನ್ನಿನ ಕಚೇರಿಯಲ್ಲಿ ಕೂತವರಿಗೆ ಇವು ತಾವಾಗಿ ಹೊಳೆಯುವಂಥವಲ್ಲ.

ಹನ್ನೊಂದು ಕುರ್ಚಿ

ಅದೇ ಕಾನೂನು ಹನ್ನೊಂದು ಜನರ ಸಲಹಾ ಆಯೋಗವನ್ನೂ ಮಾಡಿತು. ಅದರಲ್ಲಿ ಏಳು ಮಂದಿ ರೋಗಿಗಳು ಅಥವಾ ಹಿಂದೆ ರೋಗಿಗಳಾಗಿದ್ದವರು, ಅವರನ್ನು ಆರಿಸುವವರೂ ರೋಗಿ ಸಮುದಾಯದವರೇ. ಉಳಿದ ನಾಲ್ವರನ್ನು ಹವಾಯಿಯ ರಾಜ್ಯಪಾಲರ ಶಿಫಾರಸಿನಿಂದ ನೇಮಿಸುತ್ತಾರೆ; ಅವರಲ್ಲಿ ಒಬ್ಬರಾದರೂ ಮೂಲ ಹವಾಯಿಯನ್ನರಿರಬೇಕು. ಅಲ್ಲಿನ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಜನ ಆರಿಸಿದವರು. ಅವಧಿ ಐದು ವರ್ಷ, ಸಂಬಳವಿಲ್ಲ, ಓಡಾಟದ ಖರ್ಚು ಮಾತ್ರ.

ಏಳು ಮತ್ತು ನಾಲ್ಕು. ಬಹುಮತ ಯಾರ ಕೈಯಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದು ಎಷ್ಟು ಅಪರೂಪ ಎಂದು ತಿಳಿಯಲು ಇನ್ನೊಂದು ಉದ್ಯಾನದ ಆಯೋಗವನ್ನು ಪಕ್ಕಕ್ಕಿಟ್ಟು ನೋಡಬಹುದು. ವಾಷಿಂಗ್ಟನ್ನಿನಿಂದ ಪಶ್ಚಿಮಕ್ಕೆ ಪೊಟೊಮ್ಯಾಕ್ ನದಿಯ ಗುಂಟ ಸುಮಾರು 185 ಮೈಲಿ ಉದ್ದದ ಹಳೆಯ ಕಾಲುವೆಯಿದೆ, ಚೆಸಪೀಕ್ ಮತ್ತು ಓಹಾಯೊ ಕಾಲುವೆ. ಅದರ ಮೇಲೆ ಕಾರುಗಳ ರಸ್ತೆ ಮಾಡುವ ಯೋಜನೆಯನ್ನು ವಿರೋಧಿಸಿ 1954ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಪತ್ರಿಕಾ ಸಂಪಾದಕರನ್ನು ಕರೆದುಕೊಂಡು ಅದರ ಉದ್ದಕ್ಕೂ ನಡೆದರು. ಹಾಲಿ ನ್ಯಾಯಮೂರ್ತಿಯೊಬ್ಬರ ಪಾದಯಾತ್ರೆ! ರಸ್ತೆ ಬರಲಿಲ್ಲ. 1971ರಲ್ಲಿ ಕಾಲುವೆ ಐತಿಹಾಸಿಕ ಉದ್ಯಾನವಾಯಿತು, 19 ಜನರ ಆಯೋಗವೂ ಬಂತು. ಕಾಲುವೆ ಹಾಯುವ ನಾಲ್ಕು ಜಿಲ್ಲೆಗಳಿಂದ ಎಂಟು ಮಂದಿ, ಮೂರು ರಾಜ್ಯ ಮತ್ತು ರಾಜಧಾನಿಯಿಂದ ಎಂಟು ಮಂದಿ, ಸಚಿವರು ತಾವೇ ಆರಿಸುವ ಮೂವರು. ಅಲ್ಲಿ ಕುರ್ಚಿ ಹಂಚಿದ್ದು ಗಡಿಗಳ ಲೆಕ್ಕದಲ್ಲಿ. ಉದ್ದನೆಯ ಕಾಲುವೆಗೆ ಅದೇ ಸರಿ. ಕಲೌಪಪದಲ್ಲಿ ಹಂಚಿದ್ದು ಅನುಭವಿಸಿದವರ ಲೆಕ್ಕದಲ್ಲಿ.

ಸಲಹೆಗೆ ಎಷ್ಟು ತೂಕ?

ಅಮೆರಿಕದ ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುವ ಇಂಥ ಸಮಿತಿಗಳಿಗೆಲ್ಲ 1972ರ ಒಂದು ಸಾಮಾನ್ಯ ಕಾನೂನಿದೆ. ಮುಚ್ಚಿದ ಕೋಣೆಯಲ್ಲಿ ಉದ್ಯಮಿಗಳು ಸಲಹೆಯ ಹೆಸರಿನಲ್ಲಿ ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ ಎಂಬ ಗುಮಾನಿ ಅದರ ಹಿಂದಿತ್ತು. ಸಭೆಯ ದಿನ, ಜಾಗ, ವಿಷಯವನ್ನು ಕನಿಷ್ಠ 15 ದಿನ ಮುಂಚೆ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಿಸಬೇಕು. ಸಭೆಗೆ ಯಾರು ಬೇಕಾದರೂ ಬಂದು ಕೂರಬಹುದು. ನಡಾವಳಿ ಬರೆದಿಡಬೇಕು, ಕೇಳಿದವರಿಗೆ ತೋರಿಸಬೇಕು. ಸರ್ಕಾರದ ಒಬ್ಬ ಅಧಿಕಾರಿ ಇಲ್ಲದೆ ಸಭೆ ನಡೆಸುವಂತಿಲ್ಲ.

ಕೊನೆಯ ಷರತ್ತು ಎರಡು ಅಲಗಿನದು. ಹೇಳಿದ್ದನ್ನು ಕೇಳಿಸಿಕೊಳ್ಳಲು ಎದುರಿಗೆ ಅಧಿಕಾರಿ ಇದ್ದೇ ಇರುತ್ತಾನೆ ಎಂಬುದು ಒಂದು. ವಿಷಯಪಟ್ಟಿಗೆ ಅವನ ಒಪ್ಪಿಗೆ ಬೇಕು, ಬೇಕೆನಿಸಿದರೆ ಸಭೆಯನ್ನು ಅವನು ಮುಂದೂಡಲೂ ಬಹುದು ಎಂಬುದು ಇನ್ನೊಂದು.

ಇಂಥ ಸಭೆಗಳ ಮುಕ್ಕಾಲು ಪಾಲು ಬೇಸರದ್ದು. ಉದ್ಯಾನದ ಮುಖ್ಯಾಧಿಕಾರಿ ವರದಿ ಓದುತ್ತಾರೆ: ಎಷ್ಟು ಕಟ್ಟಡ ದುರಸ್ತಿಯಾಯಿತು, ಹಣ ಎಷ್ಟು ಬಂತು, ನೀರಿನ ಕೊಳವೆ ಏನಾಯಿತು. ಕಲೌಪಪದಲ್ಲಿ ಇನ್ನೂರಕ್ಕೂ ಹೆಚ್ಚು ಐತಿಹಾಸಿಕ ಕಟ್ಟಡಗಳಿವೆ, ಉಪ್ಪುಗಾಳಿ ಮತ್ತು ಗೆದ್ದಲಿನ ಬಾಯಿಗೆ ಬಿದ್ದ ಮರದ ಮನೆಗಳು. ಎಲ್ಲವನ್ನೂ ಉಳಿಸಲು ದುಡ್ಡಿಲ್ಲ. ಯಾವುದು ಮೊದಲು? ಇಂಜಿನಿಯರನ ಪಟ್ಟಿಯಲ್ಲಿ ಅದು ಬರೀ ಸಂಖ್ಯೆಯಿರುವ ಕಟ್ಟಡ. ಆಯೋಗದಲ್ಲಿ ಕೂತವರಿಗೆ ಅಲ್ಲಿ ಯಾರಿದ್ದರು, ಯಾವ ಜಗುಲಿಯ ಮೇಲೆ ಸಂಜೆ ಯಾರು ಯುಕುಲೆಲೆ ಎಂಬ ತಂತಿವಾದ್ಯ ಬಾರಿಸುತ್ತಿದ್ದರು ಎಂದು ಗೊತ್ತು. ಇಂಥ ಉದ್ಯಾನಕ್ಕೆ ಆಯೋಗದಿಂದ ಸಿಗುವ ದೊಡ್ಡ ಲಾಭ ಇದೇ. ಯಾವ ಅಧ್ಯಯನ ವರದಿಯೂ ಕೊಡಲಾರದ ಮಾಹಿತಿ ಮೇಜಿನ ಆ ಬದಿಯಿಂದ ಬರುತ್ತದೆ.

ಇಷ್ಟೆಲ್ಲ ಇದ್ದರೂ ಸಲಹೆ ಸಲಹೆಯೇ. ಆಂತರಿಕ ಇಲಾಖೆಯ ಸಚಿವರು ಕೇಳಲೇಬೇಕು, ಒಪ್ಪಲೇಬೇಕೆಂದಿಲ್ಲ. (ಹೆಸರು ನೋಡಿ ನಮ್ಮ ಗೃಹ ಇಲಾಖೆ ಎಂದುಕೊಳ್ಳಬಾರದು, ಅದು ಪೊಲೀಸರದಲ್ಲ, ಕೇಂದ್ರದ ಭೂಮಿ ಮತ್ತು ಉದ್ಯಾನಗಳನ್ನು ನೋಡಿಕೊಳ್ಳುವ ಇಲಾಖೆ.)

ಕಲೌಪಪದ ಕಾನೂನು ಒಂದೇ ಒಂದು ಕಡೆ ಈ ಗೆರೆ ದಾಟುತ್ತದೆ. ರೋಗಿಗಳು ಹಾಗೆಂದು ಬಯಸುವಷ್ಟು ಕಾಲ ದಿನಕ್ಕೆ ನೂರಕ್ಕಿಂತ ಹೆಚ್ಚು ಜನರನ್ನು ಊರಿಗೆ ಬಿಡುವಂತಿಲ್ಲ ಎನ್ನುತ್ತದೆ. ಅಷ್ಟಕ್ಕೇ ಬಿಡದೆ, ಪ್ರವಾಸಿಗರ ಸಂಖ್ಯೆಯ ಬಗ್ಗೆ ಆಯೋಗ ಕೊಡುವ ಸಲಹೆಯು ಕಲೌಪಪದ ಎಲ್ಲ ರೋಗಿಗಳ ನಡುವೆ ಆಯೋಗವೇ ನಡೆಸಿದ ಜನಮತಗಣನೆಯ ಆಧಾರದ್ದು ಎಂದು ದೃಢೀಕರಿಸಿದರೆ, ಆ ಸಲಹೆ ಸಚಿವರ ಮೇಲೆ ಬಂಧನಕಾರಿ ಎನ್ನುತ್ತದೆ. ಸಚಿವರು ಅದನ್ನು ಪಾಲಿಸಲೇಬೇಕು.

ಪುಟ್ಟ ಊರೊಂದರ ಮತಪೆಟ್ಟಿಗೆಯ ಮುಂದೆ ಕೇಂದ್ರದ ಸಚಿವರು ಕೈಕಟ್ಟಿ ನಿಲ್ಲಬೇಕು. ಇಂಥ ವಾಕ್ಯ ಕಾನೂನು ಪುಸ್ತಕದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಯಾವುದನ್ನು ಬಂಧನಕಾರಿ ಮಾಡಿದರು ಎಂಬುದನ್ನೂ ಗಮನಿಸಬೇಕು. ಹಣವಲ್ಲ, ಕಟ್ಟಡವಲ್ಲ, ನೇಮಕಾತಿಯಲ್ಲ. ತಮ್ಮನ್ನು ಎಷ್ಟು ಜನ ಬಂದು ನೋಡಬಹುದು ಎಂಬುದು. ಬದುಕಿಡೀ ವೈದ್ಯರು, ಅಧಿಕಾರಿಗಳು, ಪತ್ರಕರ್ತರು, ಕುತೂಹಲಿಗಳು ಬಂದು ನೋಡಿಹೋದ ಜನ ಅವರು. ಜ್ಯಾಕ್ ಲಂಡನ್ ಥರದ ಹೆಸರಾಂತ ಲೇಖಕರೂ ಬಂದು, ನೋಡಿ, ಬರೆದು ಹೋಗಿದ್ದರು.

ಇಪ್ಪತ್ಮೂರು ಎಕರೆಯ ಮಾಲೀಕ

ಇನ್ನೊಂದು ವಿಚಿತ್ರವಿದೆ. ಉದ್ಯಾನದ ಮೇರೆಯೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಎಕರೆ ನೆಲ, ನೀರು ಇದ್ದರೂ ರಾಷ್ಟ್ರೀಯ ಉದ್ಯಾನ ಸೇವೆಗೆ ಸ್ವಂತವಾಗಿರುವುದು 1909ರ ದೀಪಸ್ತಂಭದ ಸುತ್ತಲಿನ ಸುಮಾರು 23 ಎಕರೆ ಮಾತ್ರ. ಉಳಿದದ್ದು ಬಹುಪಾಲು ಹವಾಯಿ ರಾಜ್ಯದ್ದು, ಅದರಲ್ಲೂ ಊರು ನಿಂತಿರುವ ನೆಲ ಮೂಲ ಹವಾಯಿಯನ್ನರ ವಸತಿಗೆಂದು ಮೀಸಲಿಟ್ಟ ಭೂಮಿಯ ಇಲಾಖೆಗೆ ಸೇರಿದ್ದು. ಅದನ್ನು ಉದ್ಯಾನ ಗುತ್ತಿಗೆಗೆ ಪಡೆದಿದೆ. ರನ್‌ವೇ ಸಾರಿಗೆ ಇಲಾಖೆಯದು. ಚರ್ಚುಗಳು ಆಯಾ ಪಂಗಡಗಳವು. ರೋಗಿಗಳ ಆರೈಕೆ ರಾಜ್ಯದ ಆರೋಗ್ಯ ಇಲಾಖೆಯದು. ಮಕ್ಕಳಿಗೆ ಪ್ರವೇಶವಿಲ್ಲ ಎಂಬ ನಿಯಮವೂ ಆ ಇಲಾಖೆಯದೇ.

ಇಷ್ಟು ಸಾಲದೆಂಬಂತೆ ಈ ಭೂಶಿರವೇ ಕಲವಾವೊ ಎಂಬ ಪ್ರತ್ಯೇಕ ಜಿಲ್ಲೆ. 2020ರ ಜನಗಣತಿಯಲ್ಲಿ ಇದರ ಜನಸಂಖ್ಯೆ 82, ಅದರಲ್ಲಿ ಹೆಚ್ಚಿನವರು ನೌಕರರು. ಚುನಾಯಿತ ಜಿಲ್ಲಾ ಆಡಳಿತವಿಲ್ಲ. ಆರೋಗ್ಯ ಇಲಾಖೆಯೇ ಜಿಲ್ಲಾಡಳಿತ.

ಚುನಾಯಿತ ಪಂಚಾಯಿತಿಯೇ ಇಲ್ಲದ ಊರಿನಲ್ಲಿ ಏಳು ಜನರನ್ನು ಮತ ಹಾಕಿ ಆರಿಸುವ ಆಯೋಗಕ್ಕೆ ಬೇರೆಯೇ ಮಹತ್ವ ಬರುತ್ತದೆ. ಇಷ್ಟೊಂದು ಇಲಾಖೆಗಳ ಅಧಿಕಾರಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ ಎಲ್ಲರ ಮುಂದೆ ಪ್ರಶ್ನೆ ಕೇಳಲು ಊರಿನವರಿಗೆ ಇದ್ದ ಕಾನೂನುಬದ್ಧ ವೇದಿಕೆ ಅದು.

ಕಲ್ಲಿಲ್ಲದ ಸಮಾಧಿಗಳು

ಎಲ್ಲ ಒತ್ತಾಯವೂ ಆಯೋಗದ ಮೂಲಕವೇ ಹೋಗಲಿಲ್ಲ. ಬಂದವರು ಎಂಟು ಸಾವಿರ. ಹೆಸರು ಕೆತ್ತಿದ ಕಲ್ಲಿರುವ ಸಮಾಧಿಗಳು ಸಾವಿರದ ಆಸುಪಾಸು. ಉಳಿದವರು ಹುಲ್ಲಿನಡಿ ಎಲ್ಲೋ ಇದ್ದಾರೆ. 2003ರಲ್ಲಿ ಊರಿನವರು, ಅವರ ವಂಶಸ್ಥರು, ಗೆಳೆಯರು ಸೇರಿ ಕಾ ಓಹನ ಓ ಕಲೌಪಪ ಎಂಬ ಸಂಘ ಕಟ್ಟಿದರು. ಅಷ್ಟೂ ಜನರ ಹೆಸರಿರುವ ಸ್ಮಾರಕ ಬೇಕೆಂದು ಸಂಸತ್ತಿನವರೆಗೆ ಹೋದರು. 2009ರ ಮಾರ್ಚ್ 30ರಂದು ಒಬಾಮ ಸಹಿ ಹಾಕಿದ ಕಾನೂನು ಅದಕ್ಕೆ ಅನುಮತಿ ಕೊಟ್ಟಿತು. ಮೊದಲ ರೋಗಿಗಳು ಇಳಿದ ಕಲವಾವೊದಲ್ಲಿ, ಹಿಂದೆ ಹುಡುಗರ ವಸತಿಯಿದ್ದ ಜಾಗವನ್ನು ಆರಿಸಿಕೊಂಡರು. ಜೊತೆಗೆ ಸಂಘ ಹಳೆಯ ದಾಖಲೆ ಕೆದಕಿ ಹೆಸರು ಕೂಡಿಸುತ್ತ ಬಂತು. ಅಜ್ಜಿಯ ತಮ್ಮನೊಬ್ಬ ಇದ್ದನಂತೆ, ಮನೆಯಲ್ಲಿ ಯಾರೂ ಅವನ ಮಾತೆತ್ತುತ್ತಿರಲಿಲ್ಲ ಎನ್ನುವ ಕುಟುಂಬಗಳು ಹವಾಯಿಯಲ್ಲಿ ಬಹಳ.

ಸರ್ಕಾರಿ ಆಯೋಗಕ್ಕೆ ಚೌಕಟ್ಟಿದೆ, ಸಂಘಕ್ಕೆ ಗಂಟಲಿದೆ. ಎರಡೂ ಇದ್ದಾಗ ಕೆಲಸ ಸಾಗುತ್ತದೆ.

ಸಭೆಯೇ ಸೇರದಿದ್ದರೆ

ಸಲಹಾ ಆಯೋಗವನ್ನು ನಿಷ್ಕ್ರಿಯ ಮಾಡಲು ಅದನ್ನು ರದ್ದು ಮಾಡಬೇಕಿಲ್ಲ. ಸಭೆ ಕರೆಯದಿದ್ದರೆ, ಖಾಲಿ ಸ್ಥಾನ ತುಂಬದಿದ್ದರೆ ಸಾಕು. ಎಷ್ಟೋ ಆಯೋಗಗಳಿಗೆ ಆಯುಷ್ಯವೂ ಸೀಮಿತ. ಮೇಲೆ ಹೇಳಿದ ಕಾಲುವೆ ಆಯೋಗಕ್ಕೆ ಮೊದಲು ಕೊಟ್ಟದ್ದು ಹತ್ತೇ ವರ್ಷ. ಮತ್ತೆ ಮತ್ತೆ ಸಂಸತ್ತಿಗೆ ಹೋಗಿ ಅದನ್ನು ಉದ್ದ ಮಾಡಿಸಿಕೊಳ್ಳಬೇಕಾಯಿತು.

2017ರಲ್ಲಿ ಆಂತರಿಕ ಇಲಾಖೆ ತನ್ನ ಎಲ್ಲ ಸಲಹಾ ಸಮಿತಿಗಳ ಸಭೆಗಳನ್ನು ಪರಿಶೀಲನೆಯ ಹೆಸರಿನಲ್ಲಿ ತಡೆಹಿಡಿಯಿತು. ಮರುವರ್ಷ ಜನವರಿಯಲ್ಲಿ ರಾಷ್ಟ್ರಮಟ್ಟದ ಉದ್ಯಾನ ಸಲಹಾ ಮಂಡಳಿಯ ಬಹುಪಾಲು ಸದಸ್ಯರು, ಸಚಿವರು ತಮ್ಮನ್ನು ಒಮ್ಮೆ ಭೇಟಿಯೂ ಆಗಲಿಲ್ಲವೆಂದು ಒಟ್ಟಿಗೆ ರಾಜೀನಾಮೆ ಕೊಟ್ಟರು. ಸಲಹೆ ಕೊಡುವವನಿಗಿರುವ ಕೊನೆಯ ಅಸ್ತ್ರ ಎದ್ದು ಹೋಗುವುದು. ಕಲೌಪಪದವರು ಎಲ್ಲಿಗೆ ಎದ್ದು ಹೋಗುತ್ತಾರೆ? ಅವರಿರುವುದೇ ಅಲ್ಲಿ.

ಕನ್ನಡದ ಓದುಗರಿಗೆ ಈ ಹೊತ್ತಿಗೆ ಹಂಪಿ ನೆನಪಾಗಿರುತ್ತದೆ. ಅಲ್ಲಿರುವುದು 2002ರ ಕಾಯ್ದೆಯಿಂದ ಬಂದ ಪ್ರಾಧಿಕಾರ. ಕಟ್ಟಲು ಅನುಮತಿ ಕೊಡುವ, ನಿರಾಕರಿಸುವ ಅಧಿಕಾರ ಅದಕ್ಕಿದೆ. ಕಲೌಪಪದ ಆಯೋಗಕ್ಕೆ ಅಂಥದೇನೂ ಇಲ್ಲ. ಆದರೂ 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದಾಗ, ಅವರ ಮಾತು ಯಾವ ಮೇಜಿನ ಮೇಲೆ ದಾಖಲಾಗಬೇಕಿತ್ತು ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿರಲಿಲ್ಲ. ಮಂಟಪಗಳು ಉಳಿಯಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಎರಡು ಊರಿನ ಸ್ಥಿತಿಯೂ ಒಂದಲ್ಲ. ಪರಂಪರೆಯ ತಾಣದಲ್ಲಿ ಬದುಕುವ ಜನ ತಾಣದ ಭಾಗವೋ ಅಡ್ಡಿಯೋ ಎಂಬ ಪ್ರಶ್ನೆಗೆ ಕಲೌಪಪದ ಕಾನೂನು ಮೊದಲ ಪುಟದಲ್ಲೇ ಉತ್ತರ ಬರೆದುಬಿಟ್ಟಿತ್ತು ಎಂಬುದಷ್ಟೇ ವ್ಯತ್ಯಾಸ.

ಆಮೇಲೆ ಯಾರು?

ಕಾನೂನು ಇನ್ನೂ ಒಂದು ಕಹಿ ಸತ್ಯವನ್ನು ಮುಚ್ಚಿಡಲಿಲ್ಲ. ಊರಿನಲ್ಲಿ ರೋಗಿ ಸಮುದಾಯ ಇಲ್ಲವಾದಾಗ ಉದ್ಯಾನದ ಆಡಳಿತ ಮತ್ತು ಜನಪ್ರವೇಶದ ನೀತಿಗಳನ್ನೆಲ್ಲ ಸಚಿವರು ಮರುಪರಿಶೀಲಿಸಬೇಕು ಎಂದು ಅದರಲ್ಲಿದೆ. 1980ರಲ್ಲಿ ಅದು ದೂರದ ಮಾತಾಗಿತ್ತು. ಈಗ ಬದುಕಿರುವ ರೋಗಿಗಳು ಬೆರಳೆಣಿಕೆಯಷ್ಟು ಮಂದಿ, ಎಲ್ಲರೂ ಇಳಿವಯಸ್ಸಿನವರು.

2015ರಲ್ಲಿ ಉದ್ಯಾನ ಸೇವೆ ಮುಂದಿನ ವರ್ಷಗಳ ಕರಡು ಯೋಜನೆಯನ್ನು ಜನರ ಮುಂದಿಟ್ಟಿತು. ಮುಂದೊಂದು ದಿನ ನೂರರ ಮಿತಿಯನ್ನು ತೆಗೆದು ಬೇರೆ ರೀತಿಯ ನಿಯಂತ್ರಣ ತರುವುದು, ದೊಡ್ಡವರ ಜೊತೆ ಮಕ್ಕಳನ್ನೂ ಬಿಡುವುದು ಅದರಲ್ಲಿತ್ತು. ಬಂಡೆಗೋಡೆಯ ಮೇಲೆ ವಾಸಿಸುವ ಮೊಲೊಕಾಯಿಯ ಜನರಿಗೆ ಇದು ಹಿಡಿಸಲಿಲ್ಲ. ಪ್ರವಾಸಿಗರ ನೂಕುನುಗ್ಗಲು ಬೇಡವೆಂದು ಮೊದಲಿನಿಂದ ಹಟ ಹಿಡಿದ ದ್ವೀಪ ಅದು.

ಹಕ್ಕು ಕೇಳುವವರೂ ಒಬ್ಬಿಬ್ಬರಲ್ಲ. ರೋಗಿಗಳ ಮಕ್ಕಳು, ಮೊಮ್ಮಕ್ಕಳಿದ್ದಾರೆ. ಹುಟ್ಟಿದ ದಿನವೇ ದೂರವಾದ ಊರು ಅವರಿಗೆ ಈಗ ತವರು. 1895ರ ಹೊತ್ತಿಗೆ ಎಬ್ಬಿಸಿದ ಕುಟುಂಬಗಳ ವಂಶಸ್ಥರಿದ್ದಾರೆ. ರೋಗಿಗಳ ಕಾಲ ಮುಗಿದ ಮೇಲೆ ಮೊದಲು ಇದ್ದವರಿಗೆ ನೆಲ ಮರಳಬೇಡವೇ ಎಂಬುದು ಅವರ ಪ್ರಶ್ನೆ. ಮನೆ ನಿವೇಶನಕ್ಕೆ ವರ್ಷಗಟ್ಟಲೆ ಕಾದಿರುವ ಮೂಲ ಹವಾಯಿಯನ್ನರಿದ್ದಾರೆ. ಊರಿನ ನೆಲ ಅವರ ಇಲಾಖೆಯದು. ಸಂತರ ಹೆಜ್ಜೆಗಳಿಗೆ ನಮಿಸಲು ಬರುವ ಯಾತ್ರಿಕರಿದ್ದಾರೆ. ಕೊನೆಯ ರೋಗಿಯ ಬಳಿಕ ಆರೋಗ್ಯ ಇಲಾಖೆ ಕೈತೊಳೆದುಕೊಂಡರೆ ರಸ್ತೆ, ಕಸ, ಪೊಲೀಸು, ಬಾರ್ಜು ಯಾರ ತಲೆಗೆ ಎಂಬುದೂ ಇತ್ಯರ್ಥವಾಗಬೇಕು. 2018ರ ಕೊನೆಯಲ್ಲಿ ಭೂಕುಸಿತದಿಂದ ಬಂಡೆಗೋಡೆಯ 26 ತಿರುವಿನ ಕಾಲುದಾರಿ ಮುಚ್ಚಿತು, ಒಂದು ಕಾಲದಲ್ಲಿ ಹೇಸರಗತ್ತೆಗಳು ಪ್ರವಾಸಿಗರನ್ನು ಹೊರುತ್ತಿದ್ದ ದಾರಿ ಅದು. 2020ರಲ್ಲಿ ಕೋವಿಡ್ ಬಂದಾಗ ವಯಸ್ಸಾದವರನ್ನು ಕಾಪಾಡಲು ಊರಿನ ಬಾಗಿಲನ್ನೇ ಹಾಕಿದರು.

ಇವರಲ್ಲಿ ಯಾರಿಗೆ ಎಷ್ಟು ಕುರ್ಚಿ ಎಂದು ಹೇಳುವ ಹೊಸ ಲೆಕ್ಕವನ್ನು ಸಂಸತ್ತೇ ಬರೆಯಬೇಕು. 1980ರ ಲೆಕ್ಕದಲ್ಲಿ ರಾಜ್ಯಪಾಲರ ನಾಲ್ಕು ಹೆಸರುಗಳಿಗೆ ತೊಂದರೆಯಿಲ್ಲ. ಉಳಿದ ಏಳಕ್ಕೆ ನಿಲ್ಲುವವರೂ, ಮತ ಹಾಕುವವರೂ ಆ ಬೆರಳೆಣಿಕೆಯ ವೃದ್ಧರೇ.